ಲಿನಕ್ಸ್ ಲ್ಯಾಪ್‌ಟಾಪಲ್ಲಿ ಸಫಾರಿ ಇಲ್ಲ, ವಿಂಡೋಸ್ ಇಲ್ಲ, ಆದ್ರೂ ವೆಬ್‌ಸೈಟ್ ಟೆಸ್ಟ್ ಮಾಡೋದ್ ಹೆಂಗೆ

ತಿಪಟೂರಲ್ಲಿ ಒಬ್ಬ ಕೊಬ್ಬರಿ ಮಂಡಿ ಸಾಹುಕಾರ್ರಿಗೆ ಒಂದು ಸಣ್ಣ ವೆಬ್‌ಸೈಟ್ ಮಾಡಿಕೊಟ್ಟಿದ್ದೆ. ದೊಡ್ಡದೇನಲ್ಲ, ಅವತ್ತಿನ ಕೊಬ್ಬರಿ ರೇಟು ಕ್ವಿಂಟಾಲ್‌ಗೆ ಎಷ್ಟು, ಯಾವ ತಾಲ್ಲೂಕಿಂದ ಎಷ್ಟು ಮೂಟೆ ಬಂತು, ಕೆಳಗೊಂದು ಫೋನ್ ನಂಬರು, ಅಷ್ಟೇ. ತುಮಕೂರಲ್ಲಿ ಮನೇಲಿ ಕೂತ್ಕೊಂಡು ಉಬುಂಟು ಹಾಕಿರೋ ಹಳೇ ಲ್ಯಾಪ್‌ಟಾಪಲ್ಲಿ ಮಾಡಿದ್ದು, ಕ್ರೋಮಲ್ಲಿ ನೋಡ್ದೆ ಸೂಪರ್, ಫೈರ್‌ಫಾಕ್ಸಲ್ಲಿ ನೋಡ್ದೆ ಅದೂ ಸೂಪರ್, ಖುಷಿಯಾಗಿ ಬಸ್ ಹತ್ಕೊಂಡು ಹೋಗಿ ಮಂಡಿಲಿ ತೋರಿಸಿದ್ರೆ ಸಾಹುಕಾರ್ರ ಮಗ ಜೇಬಿಂದ ಐಫೋನ್ 7 ತೆಗ್ದು "ಅಣ್ಣಾ, ಇದ್ರಲ್ಲಿ ರೇಟೇ ಇಲ್ವಲ್ಲಣ್ಣಾ" ಅಂದ. ನೋಡಿದ್ರೆ ಟೇಬಲ್ಲಿನ ಹೆಡ್ಡಿಂಗ್ ಇದೆ, ಕೆಳಗಡೆ ಬೋಳು. ಸರಿ ಆಫೀಸ್ ಕಂಪ್ಯೂಟರಲ್ಲಿ ತೋರಿಸೋಣ ಅಂತ ಹೋದ್ರೆ ಅದು ವಿಂಡೋಸ್ 7, ಅದ್ರಲ್ಲಿ ರೇಟೇನೋ ಬಂತು, ಆದ್ರೆ ಬಣ್ಣ ಇಲ್ಲ, ಗೆರೆ ಇಲ್ಲ, ಎಲ್ಲಾ ಒಂದರ ಮೇಲೊಂದು ರಾಶಿ ಹಾಕ್ದಂಗೆ. ಸಾಹುಕಾರ್ರು ಬೈಲಿಲ್ಲ, "ಏನಪ್ಪಾ, ಮೂರು ಕಡೆ ಮೂರು ಥರ ತೋರ್ಸುತ್ತೆ, ನಮ್ ತಕ್ಕಡಿ ಹಿಂಗಾಡಿದ್ರೆ ರೈತ್ರು ಬಿಡ್ತಾರಾ" ಅಂದ್ರು ಅಷ್ಟೇ. ಬೈದಿದ್ರೇ ವಾಸಿ ಇತ್ತು.

ಆವತ್ತಿಂದ ಟೆಸ್ಟ್ ಮಾಡೋ ಕ್ರಮಾನೇ ಬದಲಾಯಿಸ್ಕೊಂಡೆ, ಅದನ್ನ ಇಲ್ಲಿ ಬರೀತಿದೀನಿ. ವಿಂಡೋಸ್ ಲೈಸೆನ್ಸ್, ಮ್ಯಾಕ್‌ಬುಕ್ ಯಾವ್ದೂ ಇಲ್ದೆ, ಉಬುಂಟು, ಡೆಬಿಯನ್ ಅಥವಾ ಮಿಂಟ್ ಇಟ್ಕೊಂಡು ಸೈಟ್ ಮಾಡೋರಿಗೆ ಇದು. ಕಮ್ಯಾಂಡ್‌ಗಳನ್ನ ಫ್ರೆಂಡಿಗೆ ಫೋನಲ್ಲಿ ಹೇಳ್ತಾರಲ್ಲ ಹಂಗೆ ಕನ್ನಡದಲ್ಲೇ ಬರ್ದಿದೀನಿ, ಟರ್ಮಿನಲ್ಲಲ್ಲಿ ಇಂಗ್ಲಿಷಲ್ಲಿ ಹೊಡ್ಕೊಳ್ಳಿ.

ಮೊದಲ್ನೇದು, ಬ್ರೌಸರ್ ಎಷ್ಟಿದೆ ಅಂತ ಎಣಿಸೋಕೆ ಹೋಗ್ಬೇಡಿ, ಎಂಜಿನ್, ಅಂದ್ರೆ ಕೋಡ್ ಓದಿ ಪೇಜನ್ನ ಸ್ಕ್ರೀನ್ ಮೇಲೆ ಬಿಡಿಸೋ ಒಳಗಿನ ಭಾಗ, ಎಷ್ಟಿದೆ ನೋಡಿ. ಕ್ಯಾತ್ಸಂದ್ರದಲ್ಲಿ ಸಾಲಾಗಿ ತಟ್ಟೆ ಇಡ್ಲಿ ಹೋಟ್ಲಿದಾವಲ್ಲ, ಬೋರ್ಡು ಇಪ್ಪತ್ತು ಇದ್ರೂ ಹಿಟ್ಟು ಮೂರೇ ಗ್ರೈಂಡರಿಂದ ಬರುತ್ತೆ ಅಂತ ಇಟ್ಕೊಳ್ಳಿ, ಇಪ್ಪತ್ತು ಹೋಟ್ಲಲ್ಲೂ ತಿಂದು ನೋಡ್ಬೇಕಾಗಿಲ್ಲ. ಕ್ರೋಮ್, ಎಡ್ಜ್, ಒಪೆರಾ, ಬ್ರೇವ್, ವಿವಾಲ್ಡಿ, ಸ್ಯಾಮ್‌ಸಂಗ್ ಫೋನಲ್ಲಿ ಬರೋ ಇಂಟರ್‌ನೆಟ್ ಆಪು, ಇವೆಲ್ಲದರ ಒಳಗೆ ಕೂತಿರೋದು ಬ್ಲಿಂಕ್ ಅನ್ನೋ ಒಂದೇ ಎಂಜಿನ್. ಫೈರ್‌ಫಾಕ್ಸ್‌ದು ಗೆಕ್ಕೋ. ಐಫೋನ್, ಮ್ಯಾಕಲ್ಲಿ ಬರೋ ಆಪಲ್ ಬ್ರೌಸರ್ ಸಫಾರಿದು ವೆಬ್‌ಕಿಟ್. ಎಡ್ಜ್ ಮೊದ್ಲು ಬೇರೆ ಎಂಜಿನ್ ಇಟ್ಕೊಂಡಿತ್ತು, 2020ರ ಜನವರಿಲಿ ಕ್ರೋಮಿನ ಓಪನ್ ಸೋರ್ಸ್ ಮೂಲ ಕ್ರೋಮಿಯಂಗೆ ಬಂದ್ಬಿಡ್ತು, ಇಂಟರ್‌ನೆಟ್ ಎಕ್ಸ್‌ಪ್ಲೋರರ್ 11ನ್ನ ಮೈಕ್ರೋಸಾಫ್ಟೇ 2022ರ ಜೂನಲ್ಲಿ ನಿಲ್ಲಿಸ್ತು, ಹಂಗಾಗಿ ವಿಂಡೋಸ್ ಪ್ರೋಗ್ರಾಂಗಳನ್ನ ಲಿನಕ್ಸಲ್ಲಿ ಓಡಿಸೋ ವೈನ್ ಅನ್ನೋ ಸಾಫ್ಟ್‌ವೇರ್ ಹಾಕಿ ಅದ್ರೊಳಗೆ ಎಕ್ಸ್‌ಪ್ಲೋರರ್ ಓಡಿಸ್ತಿದ್ದ ಕಾಲದ ತಲೆನೋವು ಈಗಿಲ್ಲ. ಎಡ್ಜ್‌ಗೆ ಲಿನಕ್ಸ್ ವರ್ಷನ್ನೂ ಇದೆ, ನಾನು ಹಾಕ್ಕೊಂಡಿಲ್ಲ, ಕ್ರೋಮಲ್ಲಿ ಸರಿ ಬಂದ್ರೆ ಅದ್ರಲ್ಲೂ ಬರುತ್ತೆ ಅನ್ನೋದು ನನ್ ಲೆಕ್ಕ.

ಇಲ್ಲೇ ಇನ್ನೊಂದು ಮಾತು. ಕ್ರೋಮಿನ ಒಳಗೇ ಇರೋ ಡೆವಲಪರ್ ಟೂಲ್ಸಲ್ಲಿ ಮೊಬೈಲ್ ಐಕಾನ್ ಒತ್ತಿ ಐಫೋನ್ ಅಂತ ಸೆಲೆಕ್ಟ್ ಮಾಡಿ "ಐಫೋನಲ್ಲೂ ನೋಡ್ಬಿಟ್ಟೆ" ಅಂತಾರೆ, ನಾನೂ ಅಂದಿದ್ದೆ. ಅದು ಬದಲಾಯಿಸೋದು ಸ್ಕ್ರೀನ್ ಅಳತೆ, ಟಚ್ಚು, ಬ್ರೌಸರ್ ಹೇಳ್ಕೊಳ್ಳೋ ಹೆಸರು, ಇಷ್ಟೇ, ಒಳಗಿರೋದು ಬ್ಲಿಂಕೇ. ಲೇಔಟ್ ಕಿರಿದಾದಾಗ ಹೆಂಗ್ ಕೂರುತ್ತೆ ನೋಡೋಕೆ ಒಳ್ಳೇದು, ಅದ್ಕಿಂತ ಜಾಸ್ತಿ ನಂಬ್ಬೇಡಿ. ಇದ್ರ ಉಲ್ಟಾ ಕೂಡ ಇದೆ: ನಮ್ಮ ದೇಶದ ಐಫೋನಲ್ಲಿ ಕ್ರೋಮ್ ಹಾಕ್ಕೊಂಡಿದ್ರೂ ಒಳಗೆ ಓಡೋದು ವೆಬ್‌ಕಿಟ್ಟೇ, ಆಪಲ್ ರೂಲ್ಸ್ ಹಂಗೆ. 2024ರಲ್ಲಿ ಯುರೋಪಿಯನ್ ಯೂನಿಯನ್ ದೇಶಗಳಿಗೆ ಅದನ್ನ ಸಡಿಲ ಮಾಡಿದ್ರು, ತಿಪಟೂರು ಅದ್ರಲ್ಲಿ ಬರಲ್ಲ.

ಈಗ ಕೆಲ್ಸಕ್ಕೆ ಬರೋಣ. ಕ್ರೋಮ್ ಇಲ್ಲಾ ಕ್ರೋಮಿಯಂ ಒಂದು, ಫೈರ್‌ಫಾಕ್ಸ್ ಒಂದು, ಮೂರನೇದು ಗ್ನೋಮ್ ವೆಬ್, ಅದ್ರ ಹಳೇ ಹೆಸರು ಎಪಿಫನಿ. ಸುಡೊ ಆಪ್ಟ್ ಇನ್‌ಸ್ಟಾಲ್ ಎಪಿಫನಿ ಹೈಫನ್ ಬ್ರೌಸರ್ ಅಂತ ಹೊಡೆದ್ರೆ ಬರುತ್ತೆ. ಇದನ್ನ ಹಾಕ್ಸೋದ್ಯಾಕೆ ಅಂದ್ರೆ ಲಿನಕ್ಸಲ್ಲಿ ಸುಲಭವಾಗಿ ಸಿಗೋ ವೆಬ್‌ಕಿಟ್ ಬ್ರೌಸರ್ ಇದೇ. ಮಜಾ ಏನು ಗೊತ್ತಾ, ವೆಬ್‌ಕಿಟ್ಟಿನ ಬೇರು ಇರೋದೇ ನಮ್ ಕಡೆ. ಕೆಡಿಇ ಅನ್ನೋ ಲಿನಕ್ಸ್ ಡೆಸ್ಕ್‌ಟಾಪಿನ ಕಾಂಕರರ್ ಬ್ರೌಸರ್‌ಗೆ ಅಂತ ಬರ್ದಿದ್ದ ಕೆಹೆಚ್‌ಟಿಎಂಎಲ್ ಎಂಜಿನ್ ತಗೊಂಡು ಆಪಲ್‌ನೋರು ಸಫಾರಿ ಕಟ್ಟಿ 2003ರಲ್ಲಿ ಬಿಟ್ರು, ಆ ವೆಬ್‌ಕಿಟ್ಟಿಂದ ಗೂಗಲ್‌ನೋರು 2013ರಲ್ಲಿ ಬೇರೆಯಾಗಿ ಬ್ಲಿಂಕ್ ಮಾಡ್ಕೊಂಡ್ರು. ಅಂದ್ರೆ ಲಿನಕ್ಸ್ ಮನೆಯಿಂದ ಹೋದ ಬೀಜ ಅದು, ಈಗ ಲಿನಕ್ಸ್‌ನೋರಿಗೇ ಸಫಾರಿ ಇಲ್ಲ.

ಪ್ರತಿ ಬ್ರೌಸರಲ್ಲೂ ಟೆಸ್ಟಿಗೆ ಅಂತಲೇ ಬೇರೆ ಪ್ರೊಫೈಲ್ ಇಟ್ಕೊಳ್ಳಿ. ಫೈರ್‌ಫಾಕ್ಸ್ ಸ್ಪೇಸ್ ಹೈಫನ್ ದೊಡ್ಡ ಪಿ ಹೊಡೆದ್ರೆ ಪ್ರೊಫೈಲ್ ಕೇಳುತ್ತೆ, ಹೊಸದೊಂದು ಮಾಡಿ, ಅದ್ರಲ್ಲಿ ಒಂದೂ ಎಕ್ಸ್‌ಟೆನ್ಷನ್ ಹಾಕ್ಬೇಡಿ. ಒಂದ್ಸಲ ಒಂದು ಬಟನ್ ಫೈರ್‌ಫಾಕ್ಸಲ್ಲಿ ಮಾತ್ರ ಕಾಣಿಸ್ತಿಲ್ಲ ಅಂತ ಅರ್ಧ ದಿನ ಸಿಎಸ್‌ಎಸ್, ಅಂದ್ರೆ ಪೇಜಿನ ಬಣ್ಣ ಅಳತೆ ಎಲ್ಲಾ ಹೇಳೋ ಕೋಡ್, ಜಾಲಾಡಿದೀನಿ, ಕೊನೆಗೆ ನೋಡಿದ್ರೆ ನನ್ ಆಡ್ ಬ್ಲಾಕರ್ರೇ ಅದನ್ನ ಜಾಹೀರಾತು ಅಂದ್ಕೊಂಡು ಮುಚ್ಚಾಕ್ತಿತ್ತು. ಉಬುಂಟಲ್ಲಿ ಇನ್ನೊಂದು ಗುಂಡಿ ಇದೆ: ಫೈರ್‌ಫಾಕ್ಸೂ ಕ್ರೋಮಿಯಮ್ಮೂ ಸ್ನ್ಯಾಪ್ ಆಗಿ, ಅಂದ್ರೆ ತಮ್ಮದೇ ಬೇಲಿಯೊಳಗೆ ಓಡೋ ಪ್ಯಾಕೇಜಾಗಿ ಬರ್ತವೆ, ಸ್ನ್ಯಾಪಿಗೆ ಟಿಎಂಪಿ ಫೋಲ್ಡರ್ ಬೇರೇನೇ ಇರುತ್ತೆ, ಹಂಗಾಗಿ ನೀವು ಟಿಎಂಪಿಲಿ ಇಟ್ಟ ಪೇಜನ್ನ ಓಪನ್ ಮಾಡಿದ್ರೆ ಫೈಲೇ ಇಲ್ಲ ಅನ್ನುತ್ತೆ. ಹೋಮ್ ಒಳಗೆ ಡಾಟ್‌ನಿಂದ ಶುರುವಾಗೋ ಫೋಲ್ಡರಿಗೂ ಹಂಗೇ, ಒಳಗೆ ಬಿಡಲ್ಲ.

ಅದ್ಕೇ ಫೈಲ್ ಮೇಲೆ ಡಬಲ್ ಕ್ಲಿಕ್ ಮಾಡಿ ನೋಡೋ ಅಭ್ಯಾಸ ಬಿಡಿ, ಒಂದು ಪುಟ್ಟ ಸರ್ವರ್ ಓಡಿಸಿ. ಸೈಟಿನ ಫೋಲ್ಡರ್ ಒಳಗೆ ಹೋಗಿ ಪೈಥಾನ್3 ಸ್ಪೇಸ್ ಹೈಫನ್ ಎಂ ಸ್ಪೇಸ್ ಹೆಚ್‌ಟಿಟಿಪಿ ಡಾಟ್ ಸರ್ವರ್ ಸ್ಪೇಸ್ 8000. ಆಮೇಲೆ ಯಾವ ಬ್ರೌಸರಲ್ಲಾದ್ರೂ ಲೋಕಲ್‌ಹೋಸ್ಟ್ ಕೋಲನ್ 8000. ಇದು ವೈಫೈಲಿರೋ ಎಲ್ರಿಗೂ ಆ ಫೋಲ್ಡರ್ ತೆರೆದಿಡುತ್ತೆ ಅನ್ನೋದು ನೆನಪಿರ್ಲಿ, ಹೋಮ್ ಫೋಲ್ಡರಲ್ಲಿ ನಿಂತು ಓಡಿಸ್ಬೇಡಿ, ಪಕ್ಕದ್ಮನೆ ಹುಡುಗ ನಿಮ್ ಫೋಟೋ ಎಲ್ಲಾ ನೋಡ್ಕೊಂಡ್ ಕೂತಿರ್ತಾನೆ.

ಹಿಂಗೆ ಎಲ್ರಿಗೂ ತೆರೆದಿರೋದೇ ನಮಗೆ ಬೇಕಾಗಿರೋದು, ಯಾಕಂದ್ರೆ ಫೋನಲ್ಲೂ ಅದೇ ಪೇಜ್ ತೆಗೀಬಹುದು. ಹೋಸ್ಟ್‌ನೇಮ್ ಸ್ಪೇಸ್ ಹೈಫನ್ ದೊಡ್ಡ ಐ ಹೊಡೀರಿ, ಸಾಮಾನ್ಯವಾಗಿ 192.168 ಅಂತ ಶುರುವಾಗೋ ನಂಬರ್ ಬರುತ್ತೆ, ಫೋನಿನ ಬ್ರೌಸರಲ್ಲಿ ಆ ನಂಬರ್ ಹಾಕಿ ಕೋಲನ್ 8000 ಕೊಡಿ. ಬರ್ಲಿಲ್ವಾ, ಯುಎಫ್‌ಡಬ್ಲ್ಯೂ ಫೈರ್‌ವಾಲ್ ಆನ್ ಮಾಡ್ಕೊಂಡಿದೀರೇನೋ, ಸುಡೊ ಯುಎಫ್‌ಡಬ್ಲ್ಯೂ ಅಲೋ 8000 ಕೊಟ್ಟು ನೋಡಿ. ಅದೂ ಅಲ್ಲ ಅಂದ್ರೆ ರೂಟರ್ರೇ ಒಂದು ಡಿವೈಸಿಂದ ಇನ್ನೊಂದಕ್ಕೆ ಹೋಗೋಕೆ ಬಿಡ್ತಿಲ್ಲ ಅಂತ, ಕೆಲವು ಪಿಜಿ, ಕಾಲೇಜ್ ವೈಫೈ ಹಂಗೇ ಇರುತ್ತೆ. ಆಗ ಫೋನಿನ ಹಾಟ್‌ಸ್ಪಾಟ್ ಆನ್ ಮಾಡಿ ಲ್ಯಾಪ್‌ಟಾಪನ್ನ ಅದಕ್ಕೆ ಕನೆಕ್ಟ್ ಮಾಡಿ, ಕರೆಂಟ್ ಹೋದಾಗ ನಾನು ಮಾಡೋದೂ ಇದೇ. ಫೋನು ಹಳೇ ಪೇಜನ್ನೇ ತೋರಿಸ್ತಾ ಕೂತ್ರೆ ಅಡ್ರೆಸ್ಸಿನ ಕೊನೇಲಿ ಪ್ರಶ್ನೆ ಚಿಹ್ನೆ ಹಾಕಿ ವಿ ಈಕ್ವಲ್ಸ್ 2, ಮುಂದಿನ ಸಲ 3. ಸಿಎಸ್‌ಎಸ್, ಸ್ಕ್ರಿಪ್ಟ್ ಫೈಲಿನ ಲಿಂಕಿಗೂ ಹಿಂಗೇ ಮಾಡ್ಬೇಕಾಗುತ್ತೆ.

ಆಂಡ್ರಾಯ್ಡ್ ಆದ್ರೆ ಇನ್ನೂ ಸುಖ. ಸೆಟ್ಟಿಂಗ್ಸಲ್ಲಿ ಬಿಲ್ಡ್ ನಂಬರ್ ಮೇಲೆ ಏಳು ಸಲ ಕುಟ್ಟಿದ್ರೆ ಡೆವಲಪರ್ ಆಪ್ಷನ್ಸ್ ತೆರ್ಕೊಳುತ್ತೆ, ಯುಎಸ್‌ಬಿ ಡೀಬಗ್ಗಿಂಗ್ ಆನ್ ಮಾಡಿ, ಲ್ಯಾಪ್‌ಟಾಪಲ್ಲಿ ಎಡಿಬಿ ಅನ್ನೋ ಆಂಡ್ರಾಯ್ಡ್ ಟೂಲ್ ಇನ್‌ಸ್ಟಾಲ್ ಮಾಡಿ, ಕೇಬಲ್ ಚುಚ್ಚಿ, ಕ್ರೋಮಿನ ಅಡ್ರೆಸ್ ಬಾರಲ್ಲಿ ಕ್ರೋಮ್ ಕೋಲನ್ ಎರಡು ಸ್ಲ್ಯಾಶ್ ಇನ್‌ಸ್ಪೆಕ್ಟ್ ಅಂತ ಹಾಕಿ. ಫೋನಲ್ಲಿ ತೆಗ್ದಿರೋ ಪೇಜಿನ ಕನ್ಸೋಲ್, ಅಂದ್ರೆ ಎರರ್ ಮೆಸೇಜು ಬರೋ ಜಾಗ, ಲ್ಯಾಪ್‌ಟಾಪಲ್ಲೇ ಕಾಣುತ್ತೆ. ಫೋನಿನ ಫೈರ್‌ಫಾಕ್ಸಿಗೆ ಇದೇ ಕೆಲ್ಸ ಅಬೌಟ್ ಕೋಲನ್ ಡೀಬಗ್ಗಿಂಗಲ್ಲಿ ಆಗುತ್ತೆ. ಸೈಟಲ್ಲಿ ಲೊಕೇಶನ್ ಕೇಳೋದು, ಸರ್ವಿಸ್ ವರ್ಕರ್ (ನೆಟ್ ಇಲ್ದಾಗಲೂ ಪೇಜ್ ತೋರಿಸೋಕೆ ಬಳಸೋ ಸ್ಕ್ರಿಪ್ಟ್) ಇಂಥವಿದ್ರೆ 192.168 ಅಡ್ರೆಸ್ಸಲ್ಲಿ ಅವು ಕೆಲಸ ಮಾಡಲ್ಲ, ಹೆಚ್‌ಟಿಟಿಪಿಎಸ್ ಇಲ್ಲ ಅಂತ ಬ್ರೌಸರ್ ತಡೀತದೆ, ಲೋಕಲ್‌ಹೋಸ್ಟಿಗೆ ಮಾತ್ರ ವಿನಾಯ್ತಿ. ಅದಕ್ಕೆ ಎಡಿಬಿ ರಿವರ್ಸ್ ಟಿಸಿಪಿ ಕೋಲನ್ 8000 ಸ್ಪೇಸ್ ಟಿಸಿಪಿ ಕೋಲನ್ 8000 ಕೊಟ್ಬಿಟ್ರೆ ಫೋನಲ್ಲೂ ಲೋಕಲ್‌ಹೋಸ್ಟ್ ಅಂತಲೇ ತೆಗೀಬಹುದು, ತಕರಾರು ಮುಗೀತು.

ಈಗ ಆ ಐಫೋನ್ 7 ಕಥೆ. ಮನೆಗೆ ಬಂದವನೇ ಎಪಿಫನಿಲಿ ಸೈಟ್ ತೆಗ್ದೆ, ರೇಟ್ ಚೆನ್ನಾಗೇ ಬಂತು. ಪ್ಲೇರೈಟ್ ಅಂತ ಮೈಕ್ರೋಸಾಫ್ಟ್‌ನೋರ ಓಪನ್ ಸೋರ್ಸ್ ಟೂಲಿದೆ, ಅದು ಕ್ರೋಮಿಯಂ, ಫೈರ್‌ಫಾಕ್ಸ್, ವೆಬ್‌ಕಿಟ್ ಮೂರನ್ನೂ ತಾನೇ ಡೌನ್‌ಲೋಡ್ ಮಾಡ್ಕೊಂಡು ಲಿನಕ್ಸಲ್ಲೇ ಓಡಿಸುತ್ತೆ. ಜಾವಾಸ್ಕ್ರಿಪ್ಟ್ ಓಡಿಸೋ ನೋಡ್ ಜೆಎಸ್ ಇದ್ರೆ ಸಾಕು, ಎನ್‌ಪಿಎಕ್ಸ್ ಪ್ಲೇರೈಟ್ ಇನ್‌ಸ್ಟಾಲ್, ಆಮೇಲೆ ಎನ್‌ಪಿಎಕ್ಸ್ ಪ್ಲೇರೈಟ್ ಡಬ್ಲ್ಯೂಕೆ, ಮುಂದೆ ಪೇಜಿನ ಅಡ್ರೆಸ್, ವೆಬ್‌ಕಿಟ್ ಕಿಟಕಿ ತೆರ್ಕೊಳುತ್ತೆ. ಅದ್ರಲ್ಲೂ ರೇಟ್ ಬಂತು! ತಲೆ ಕೆಟ್ಟೋಯ್ತು.

ವಿಷ್ಯ ಏನಪ್ಪಾ ಅಂದ್ರೆ ಇವೆರಡೂ ಕೊಡೋದು ಹೊಸಾ ವೆಬ್‌ಕಿಟ್. ಐಫೋನಲ್ಲಿ ಸಫಾರಿ ಬೇರೆ ಆಪ್ ಥರ ಅಪ್‌ಡೇಟ್ ಆಗಲ್ಲ, ಐಓಎಸ್ ಜೊತೆಗೇ ಬರ್ಬೇಕು, ಐಫೋನ್ 7ಗೆ ಐಓಎಸ್ 15 ಆದ್ಮೇಲೆ ಮುಂದಿನದು ಇಲ್ಲ. ಅಂದ್ರೆ ಆ ಹುಡುಗನ ಫೋನಲ್ಲಿ ಸಫಾರಿ 15ರಲ್ಲೇ ನಿಂತಿದೆ, ನಿಂತೇ ಇರುತ್ತೆ. ಕೈಯಿಂದ ಕೈಗೆ ಸೆಕೆಂಡ್‌ಹ್ಯಾಂಡ್ ಬಂದಿರೋ ಇಂಥ ಐಫೋನ್‌ಗಳು ನಮ್ಮೂರ ಕಡೆ ಎಷ್ಟು ಅಂತ ಸುಮ್ನೆ ಬಸ್‌ಸ್ಟ್ಯಾಂಡಲ್ಲಿ ನಿಂತು ನೋಡಿ.

ಐಫೋನಿನ ಕನ್ಸೋಲ್ ನೋಡೋಕೆ ಆಪಲ್ ಕೊಟ್ಟಿರೋ ದಾರಿಗೆ ಮ್ಯಾಕ್ ಬೇಕು. ನನ್ ಹತ್ರ ಇಲ್ವಲ್ಲ, ಅದ್ಕೆ ಪೇಜಿನ ಹೆಡ್ ಭಾಗದಲ್ಲಿ, ಬೇರೆಲ್ಲಾ ಸ್ಕ್ರಿಪ್ಟಿಗಿಂತ ಮುಂಚೆ, ನಾಕು ಸಾಲಿನ ಒಂದು ಸ್ಕ್ರಿಪ್ಟ್ ಇಟ್ಟೆ: ವಿಂಡೋ ಡಾಟ್ ಆನ್‌ಎರರ್‌ಗೆ ಒಂದು ಫಂಕ್ಷನ್ ಕೊಟ್ಟು, ಬಂದ ಎರರ್ ಮೆಸೇಜು, ಫೈಲ್ ಹೆಸರು, ಸಾಲಿನ ನಂಬರನ್ನ ಅಲರ್ಟಲ್ಲಿ ತೋರ್ಸೋದು. ಸ್ಕ್ರಿಪ್ಟುಗಳು ನಿಮ್ಮ ಸರ್ವರಲ್ಲೇ ಇರ್ಬೇಕು, ಬೇರೆ ಡೊಮೈನಿಂದ ಬಂದಿದ್ರೆ ಬರೀ ಸ್ಕ್ರಿಪ್ಟ್ ಎರರ್ ಅಂತ ಹೇಳಿ ಸುಮ್ನಾಗುತ್ತೆ. ಲಿಂಕನ್ನ ವಾಟ್ಸಾಪಲ್ಲಿ ಹುಡುಗನಿಗೆ ಕಳ್ಸಿ "ಏನ್ ಬರುತ್ತೋ ಸ್ಕ್ರೀನ್‌ಶಾಟ್ ಕಳ್ಸಪ್ಪಾ" ಅಂದೆ, ಎರಡೇ ನಿಮಿಷಕ್ಕೆ ಬಂತು: ಸಿಂಟ್ಯಾಕ್ಸ್ ಎರರ್, ಇನ್ವ್ಯಾಲಿಡ್ ರೆಗ್ಯುಲರ್ ಎಕ್ಸ್‌ಪ್ರೆಶನ್, ಇನ್ವ್ಯಾಲಿಡ್ ಗ್ರೂಪ್ ಸ್ಪೆಸಿಫೈಯರ್ ನೇಮ್.

ರೇಟಿಗೆ ಕಾಮಾ ಹಾಕೋಕೆ ಅಂತ ನೆಟ್ಟಲ್ಲಿ ಸಿಕ್ಕ ಒಂದು ರೆಜೆಕ್ಸನ್ನ, ಅಂದ್ರೆ ಅಕ್ಷರಗಳ ಮಾದರಿ ಹುಡುಕೋ ರೆಗ್ಯುಲರ್ ಎಕ್ಸ್‌ಪ್ರೆಶನ್ನನ್ನ, ಹಂಗೇ ಎತ್ತಾಕಿದ್ದೆ, ಅದ್ರಲ್ಲಿ ಲುಕ್‌ಬಿಹೈಂಡ್ ಇತ್ತು, ಅಂದ್ರೆ ಹಿಂದಿನ ಅಕ್ಷರ ಏನಿದೆ ಅಂತ ತಿರುಗಿ ನೋಡೋದು. ಸಫಾರಿಗೆ ಅದು ಅರ್ಥ ಆಗೋಕೆ ಶುರುವಾಗಿದ್ದು 16.4ರಲ್ಲಿ, 2023ರ ಮಾರ್ಚಲ್ಲಿ. ಅರ್ಥ ಆಗ್ಲಿಲ್ಲ ಅಂದ್ರೆ ಆ ಒಂದು ಸಾಲು ಬಿಟ್ಟು ಮುಂದೆ ಹೋಗಲ್ಲ ಅದು, ಫೈಲ್ ಪೂರ್ತಿ ತಳ್ಳಿಹಾಕುತ್ತೆ, ಹಂಗಾಗಿ ಟೇಬಲ್ ತುಂಬೋ ಕೋಡ್ ಓಡ್ಲೇ ಇಲ್ಲ. ಒಂದು ಕಾಮಾ ಹಾಕೋಕೋಗಿ ಇಡೀ ಪೇಜ್ ಖಾಲಿ. ಆ ರೆಜೆಕ್ಸ್ ಕಿತ್ತಾಕಿ ಜಾವಾಸ್ಕ್ರಿಪ್ಟಲ್ಲೇ ಇರೋ ಟುಲೊಕೇಲ್‌ಸ್ಟ್ರಿಂಗಿಗೆ ಇಎನ್ ಹೈಫನ್ ಐಎನ್ ಕೊಟ್ಟೆ, ಬ್ರೌಸರ್ರೇ ನಮ್ಮ ಲಕ್ಷದ ಲೆಕ್ಕದಲ್ಲಿ ಕಾಮಾ ಹಾಕ್ಕೊಡುತ್ತೆ, ಮೊದ್ಲೇ ಇದನ್ನ ಮಾಡ್ಬೇಕಿತ್ತು.

ಹಂಗಂತ ಎಪಿಫನಿ ದಂಡ ಅಂತಲ್ಲ, ಕ್ರೋಮಲ್ಲಿ ಮಾತ್ರ ಇರೋ ಏನನ್ನಾದ್ರೂ ಬಳಸಿದ್ರೆ ಅಲ್ಲಿ ತಕ್ಷಣ ಬೀಳುತ್ತೆ, ದಿನಾ ಬಳಸ್ಬಹುದು. ಆದ್ರೆ ಆಡಿಯೋ ವಿಡಿಯೋ ವಿಷ್ಯದಲ್ಲಿ ಅದನ್ನ ಸಫಾರಿ ಅಂತ ತಿಳ್ಕೋಬೇಡಿ, ಅದು ಜಿಸ್ಟ್ರೀಮರ್ ಅನ್ನೋ ಲಿನಕ್ಸ್ ಕಡೆಯ ಮೀಡಿಯಾ ಸಾಫ್ಟ್‌ವೇರಿಂದ ಓಡುತ್ತೆ, ಆಪಲ್‌ದು ಬೇರೆ. ಬಟನ್ನು, ಡ್ರಾಪ್‌ಡೌನು ಕೂಡ ನೋಡೋಕೆ ಬೇರೆ ಥರ. ಇನ್ನೊಂದು, ಐಫೋನಲ್ಲಿ ಫಾರ್ಮಿನ ಬಾಕ್ಸಿನ ಅಕ್ಷರ 16 ಪಿಕ್ಸೆಲ್‌ಗಿಂತ ಸಣ್ಣ ಇದ್ರೆ ಮುಟ್ಟಿದ ತಕ್ಷಣ ಪೇಜೇ ಜೂಮ್ ಆಗುತ್ತೆ, ಇದು ಲಿನಕ್ಸಲ್ಲಿ ಯಾವ ಬ್ರೌಸರಲ್ಲೂ ಕಾಣಲ್ಲ, ನೆನಪಿಟ್ಕೊಂಡು 16 ಹಾಕ್ಬಿಡಿ.

ವಿಂಡೋಸ್ 7 ಕಥೆ ಇಷ್ಟೊಂದಿಲ್ಲ. ಅದಕ್ಕೆ ಬಂದ ಕೊನೇ ಕ್ರೋಮ್ 109, 2023ರ ಜನವರಿದು. ನಾನು ಸಿಎಸ್‌ಎಸ್ಸಲ್ಲಿ ಒಂದು ರೂಲ್ ಒಳಗೆ ಇನ್ನೊಂದು ರೂಲ್ ಬರ್ದಿದ್ದೆ, ನೆಸ್ಟಿಂಗ್ ಅಂತಾರಲ್ಲ, ಅದು ಕ್ರೋಮಿಗೆ ಬಂದಿದ್ದು 112ರಲ್ಲಿ. ಮೂರೇ ವರ್ಷನ್ ವ್ಯತ್ಯಾಸದಲ್ಲಿ ಮಾನ ಹೋಯ್ತು. ಇದನ್ನ ಲಿನಕ್ಸಲ್ಲಿ ನೋಡ್ಬೇಕು ಅಂದ್ರೆ ಪ್ಲೇರೈಟಿನ ಹಳೇ ವರ್ಷನ್ ಹಾಕ್ಕೊಳ್ಳಿ, 1.29ರ ಜೊತೆ ಬರೋದು ಕ್ರೋಮಿಯಂ 109. ಎನ್‌ಪಿಎಕ್ಸ್ ಪ್ಲೇರೈಟ್ ಆಟ್ 1.29 ಇನ್‌ಸ್ಟಾಲ್ ಕ್ರೋಮಿಯಂ ಅನ್ನಿ, ಆಮೇಲೆ ಎನ್‌ಪಿಎಕ್ಸ್ ಪ್ಲೇರೈಟ್ ಆಟ್ 1.29 ಸಿಆರ್, ಮುಂದೆ ಪೇಜಿನ ಅಡ್ರೆಸ್ ಹೊಡೀರಿ. ಫೈರ್‌ಫಾಕ್ಸಿಗೆ ಇದಕ್ಕಿಂತ ಸಲೀಸು, ಮೊಜಿಲ್ಲಾದೋರು ಹಳೇ ವರ್ಷನ್‌ಗಳನ್ನೆಲ್ಲಾ ಆರ್ಕೈವಲ್ಲಿ ಇಟ್ಟಿದಾರೆ, ವಿಂಡೋಸ್ 7ಕ್ಕೆ ಕೊನೇದು 115 ಇಎಸ್‌ಆರ್ (ಜಾಸ್ತಿ ದಿನ ಸಪೋರ್ಟ್ ಸಿಗೋ ವರ್ಷನ್), ಟಾರ್ ಫೈಲ್ ತಂದು ಬಿಚ್ಚಿ ಅಲ್ಲಿಂದಲೇ ಓಡ್ಸಿ, ಇನ್‌ಸ್ಟಾಲ್ ಬೇಡ. ಪ್ರೊಫೈಲ್ ಮಾತ್ರ ಹೊಸದು ಕೊಡಿ, ಹೊಸ ಫೈರ್‌ಫಾಕ್ಸಿನ ಪ್ರೊಫೈಲನ್ನ ಹಳೇದು ಮುಟ್ಟಲ್ಲ. ಈ ಹಳೇ ಬ್ರೌಸರ್‌ಗಳಲ್ಲಿ ನಿಮ್ ಸೈಟ್ ಬಿಟ್ಟು ಬೇರೇನೂ ತೆಗೀಬೇಡಿ, ಬ್ಯಾಂಕ್ ಗೀಂಕ್ ಅಂತೂ ಬೇಡ್ವೇ ಬೇಡ.

ವಿಂಡೋಸನ್ನೇ ವರ್ಚುಯಲ್ ಮೆಷಿನಲ್ಲಿ ಹಾಕ್ಬಹುದು, ಗ್ನೋಮ್ ಬಾಕ್ಸಸ್ ಇಲ್ಲಾ ವರ್ಚುಯಲ್‌ಬಾಕ್ಸ್ ಸಾಕು, ವಿಂಡೋಸ್ ಎಂಟರ್‌ಪ್ರೈಸ್ 90 ದಿನ ಟ್ರಯಲ್ಲಿಗೆ ಸಿಗುತ್ತೆ. 4 ಜಿಬಿ ರ್‍ಯಾಮಿನ ನನ್ನ ಲ್ಯಾಪ್‌ಟಾಪಲ್ಲಿ ಅದು ಬೂಟ್ ಆಗೋಷ್ಟ್ರಲ್ಲಿ ಕಾಫಿ ಕುಡ್ದು ಲೋಟ ತೊಳ್ದಿಟ್ಟು ಬರ್ಬಹುದು. ನಾನ್ ಅದನ್ನ ಬಿಟ್ಟು ಸೈಬರ್ ಸೆಂಟರಿಗೆ ಹೋಗಿ ಅರ್ಧ ಗಂಟೆ ಕೂತು ಬರ್ತೀನಿ, ನಿಜವಾದ ವಿಂಡೋಸು, ನಿಜವಾದ ಹಳೇ ಮಾನಿಟರು. ದುಡ್ಡಿರೋ ಕ್ಲೈಂಟ್ ಆದ್ರೆ ಬ್ರೌಸರ್‌ಸ್ಟ್ಯಾಕ್ ಥರದ ಸರ್ವಿಸ್ ಇದಾವೆ, 2011ರಲ್ಲಿ ಮುಂಬೈಲಿ ಶುರುವಾದದ್ದು ಅದು, ನಿಜವಾದ ಫೋನ್‌ಗಳನ್ನ ದೂರದಿಂದ್ಲೇ ಆಡಿಸ್ಬಹುದು, ಹಳೇ ಐಫೋನೂ ಸಿಗುತ್ತೆ. ಮ್ಯಾಕ್‌ಓಎಸ್ಸನ್ನ ಮಾಮೂಲಿ ಪಿಸಿಲಿ ಓಡ್ಸೋ ವಿಡಿಯೋಗಳು ಯೂಟ್ಯೂಬಲ್ಲಿ ತುಂಬಾ ಇದಾವೆ, ಆಪಲ್ ಲೈಸೆನ್ಸ್ ಅದಕ್ಕೆ ಒಪ್ಪಲ್ಲ, ನಾನ್ ಅದ್ರ ತಂಟೆಗೆ ಹೋಗಿಲ್ಲ.

ಇನ್ನು ಕನ್ನಡ. ಇಂಗ್ಲಿಷ್ ಗೈಡುಗಳಲ್ಲಿ ಇದ್ರ ಬಗ್ಗೆ ಒಂದಕ್ಷರ ಇರಲ್ಲ, ನಮಗೆ ಅರ್ಧ ತೊಂದ್ರೆ ಇಲ್ಲೇ. ನಿಮ್ ಲಿನಕ್ಸಲ್ಲಿ ಕನ್ನಡ ಚೆನ್ನಾಗಿ ಕಾಣುತ್ತೆ ಅಂದ್ರೆ ಅದು ನಿಮ್ ಲ್ಯಾಪ್‌ಟಾಪಲ್ಲಿರೋ ಫಾಂಟ್, ಲೋಹಿತ್ ಕನ್ನಡನೋ ನೋಟೋ ಸ್ಯಾನ್ಸ್ ಕನ್ನಡನೋ. ಎಫ್‌ಸಿ ಹೈಫನ್ ಲಿಸ್ಟ್ ಸ್ಪೇಸ್ ಕೋಲನ್ ಲ್ಯಾಂಗ್ ಈಕ್ವಲ್ಸ್ ಕೆಎನ್ ಹೊಡೆದ್ರೆ ಯಾವ್ಯಾವ್ದಿದೆ ಅಂತ ಪಟ್ಟಿ ಬರುತ್ತೆ. ಗುಬ್ಬಿ ಅಂತ ಒಂದು ಫಾಂಟಿದೆ, ನಮ್ ಗುಬ್ಬಿ ತಾಲ್ಲೂಕಿನ ಹೆಸರು ಇಟ್ಟಿದಾರೆ ಅಂತ ಬಹಳ ದಿನ ಹೆಮ್ಮೆಪಟ್ಕೊಂಡು ಓಡಾಡ್ತಿದ್ದೆ, ಆಮೇಲೆ ಅದ್ರ ಪಕ್ಕದಲ್ಲೇ ನವಿಲು ಅಂತ ಇನ್ನೊಂದು ಫಾಂಟ್ ನೋಡಿದ್ಮೇಲೆ ಓಹೋ ಇದು ಹಕ್ಕಿ ಲೆಕ್ಕ ಇರ್ಬೇಕು ಅನ್ನಿಸ್ತು. ವಿಂಡೋಸ್ 7ರಲ್ಲಿ ತುಂಗಾ, ವಿಂಡೋಸ್ 8ರಿಂದ ಈಚೆಗೆ ನಿರ್ಮಲಾ ಯುಐ, ಆಪಲ್‌ನ ಹಳೇ ಐಓಎಸ್‌ಗಳಲ್ಲಿ ಕನ್ನಡ ಸಂಗಮ್ ಎಂಎನ್, ಆಂಡ್ರಾಯ್ಡಲ್ಲಿ ಬಹುತೇಕ ನೋಟೋ. ಒಂದೊಂದರ ಎತ್ತರ ಅಗಲ ಒಂದೊಂದು ಥರ. ಅಕ್ಷರ ಜೋಡಿಸೋ ಎಂಜಿನ್ನೂ ಬೇರೆ, ಲಿನಕ್ಸಲ್ಲಿ ಕ್ರೋಮೂ ಫೈರ್‌ಫಾಕ್ಸೂ ಎಪಿಫನಿನೂ ಹಾರ್ಫ್‌ಬಝ್ ಬಳಸ್ತವೆ, ಐಫೋನಿನ ಸಫಾರಿ ಆಪಲ್‌ನವರದ್ದೇ ಕೋರ್‌ಟೆಕ್ಸ್ಟ್ ಬಳಸುತ್ತೆ, ಹಂಗಾಗಿ ಎಪಿಫನಿಲಿ ಒತ್ತಕ್ಷರ ಸರಿ ಬಂತು ಅಂದಮಾತ್ರಕ್ಕೆ ಐಫೋನಲ್ಲೂ ಬಂತು ಅಂತ ಲೆಕ್ಕ ಇಟ್ಕೋಬೇಡಿ.

ನಾನು ಮಾಡೋದು ಏನಂದ್ರೆ ಫಾಂಟನ್ನ ಸೈಟ್ ಜೊತೆಗೇ ಕಳಿಸ್ತೀನಿ, ನೋಟೋ ಇಲ್ಲಾ ಆನೆಕ್ ಕನ್ನಡ, ಲೈನ್ ಹೈಟ್ 1.6ಕ್ಕಿಂತ ಕಮ್ಮಿ ಇಡಲ್ಲ. ಬಟನ್ನು, ಟೇಬಲ್ ಸೆಲ್ಲುಗಳಿಗೆ ಓವರ್‌ಫ್ಲೋ ಹಿಡನ್ (ಬಾಕ್ಸಿಂದ ಆಚೆ ಹೋಗಿದ್ದನ್ನ ಮುಚ್ಚೋ ಸಿಎಸ್‌ಎಸ್ ರೂಲ್) ಕೊಟ್ಟಿದ್ರೆ ಒತ್ತಕ್ಷರದ ಕಾಲು ಕತ್ತರಿಸಿಹೋಗುತ್ತೆ, ಇಂಗ್ಲಿಷಲ್ಲಿ ಮಾಡಿದ ಟೆಂಪ್ಲೇಟಿಗೆ ಕನ್ನಡ ತುಂಬಿದ್ರೆ ಇದು ಗ್ಯಾರಂಟಿ. ಟೆಸ್ಟಿಗೆ ಅಂತ ಒಂದು ಪೇಜಿಟ್ಕೊಂಡಿದೀನಿ, ಅದ್ರಲ್ಲಿ ಸ್ವಾತಂತ್ರ್ಯ, ರಾಷ್ಟ್ರೀಯ, ಶಾಸ್ತ್ರಿಗಳು, ಉತ್ಕೃಷ್ಟ, ರ್‍ಯಾಂಕ್, ಕಾರ್ಯ ಇಷ್ಟು ಪದ, ಒಂದು ರೂಪಾಯಿ ಚಿಹ್ನೆ. ರ್‍ಯಾಂಕಲ್ಲಿ ಕಣ್ಣಿಗೆ ಕಾಣದ ಒಂದು ಜಾಯ್ನರ್ ಅಕ್ಷರ ಕೂತಿರುತ್ತೆ, ಯಾವ್ದಾದ್ರೂ ಫಾರ್ಮಲ್ಲಿ ಹಾಕಿ ಸೇವ್ ಮಾಡಿ ವಾಪಸ್ ತೆಗ್ದಾಗ ಅದು ಬಿದ್ದೋಗಿದ್ರೆ ರ್ಯಾಂಕ್ ಅಂತ ಅರ್ಕಾವತ್ತು ಬಂದ್ಬಿಡುತ್ತೆ, ಅದು ಬ್ರೌಸರ್ ತಪ್ಪಲ್ಲ, ನಿಮ್ ಕೋಡು ಎಲ್ಲೋ ಅದನ್ನ ಕಸ ಅಂತ ಗುಡಿಸಿದೆ. ಸಾಹುಕಾರ್ರು ನುಡಿ ಸಾಫ್ಟ್‌ವೇರಿನ ಹಳೇ ಫಾಂಟಲ್ಲಿ ಟೈಪ್ ಮಾಡ್ಸಿ ಕಳಿಸಿದ ನೋಟೀಸನ್ನೂ ಮೊದ್ಲು ಯೂನಿಕೋಡಿಗೆ ತಿರುಗಿಸ್ಕೊಳ್ಳಿ, ಆಫೀಸ್ ಕಂಪ್ಯೂಟರಲ್ಲಿ ಆ ಫಾಂಟ್ ಇರೋದ್ರಿಂದ ಕನ್ನಡ ಕಾಣುತ್ತೆ, ಮಿಕ್ಕಿದ್ ಕಡೆಯೆಲ್ಲಾ ಇಂಗ್ಲಿಷ್ ಅಕ್ಷರಕ್ಕೆ ಕೊಂಬು ಬಂದಂಗೆ ಏನೋ ಒಂದು ಕಾಣುತ್ತೆ.

ಕೊನೇದಾಗಿ ಊರ ಹೆಸರು. ಡೆಮೋ ಮಾಡುವಾಗ ಎಲ್ರೂ ಶಿರಾ, ಗುಬ್ಬಿ ಅಂತ ಎರಡಕ್ಷರದ ಊರು ಹಾಕಿ ನೋಡ್ತಾರೆ, ಟೇಬಲ್ ಅಚ್ಚುಕಟ್ಟಾಗಿ ಕೂರುತ್ತೆ. ನೀವು ಮೊದ್ಲ ಸಾಲಲ್ಲೇ ಚಿಕ್ಕನಾಯಕನಹಳ್ಳಿ ಹಾಕಿ, 360 ಪಿಕ್ಸೆಲ್ ಅಗಲದಲ್ಲಿ ನೋಡಿ. ನನ್ ಟೇಬಲ್ಲಲ್ಲಿ ಅದು ರೇಟಿನ ಕಾಲಮ್ಮನ್ನ ಸ್ಕ್ರೀನಿಂದ ಆಚೆಗೆ ನೂಕ್ಬಿಟ್ಟಿತ್ತು, ಊರ ಕಾಲಮ್ಮಿಗೆ ಅಕ್ಷರ ಒಂದ್ ಸೈಜ್ ಕಮ್ಮಿ ಮಾಡಿ, ರೇಟನ್ನ ಎಡಗಡೆಗೆ ತಂದು ಹಾಕಿದ್ಮೇಲೆ ಎಲ್ಲಾ ಫೋನಲ್ಲೂ ಸರಿ ಕೂತ್ಕೊಂಡ್ತು. ಸಾಹುಕಾರ್ರಿಗೆ ಹೆಂಗಿದ್ರೂ ರೇಟೇ ಮೊದ್ಲು ಬೇಕಿತ್ತಂತೆ.